ಊರು ಬದಲಿಸುವ ಮುನ್ನ

(ಸಿಂಧನೂರಿನಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದುವೆಗೆ ಮುನ್ನ ನಾವು ಹತ್ತಾರು ಜನರನ್ನು ವಿಚಾರಿಸುತ್ತೇವೆ. ಅಂಗಡಿ ತೆರೆಯುವ ಮುನ್ನ ಪೇಟೆಯ ಪರಿಸ್ಥಿತಿಯನ್ನು ತಿಳಿದುಕೊಳ್ಳುತ್ತೇವೆ. ಆದರೆ ಇಡೀ ಕುಟುಂಬವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವ ನಿರ್ಧಾರವನ್ನು ಅನೇಕ ಮನೆಗಳಲ್ಲಿ ಒಬ್ಬರೇ, ಅದೂ ಒಂದೇ ರಾತ್ರಿಯಲ್ಲಿ ಮಾಡಿಬಿಡುತ್ತಾರೆ. ಮಸ್ಕಿಯಿಂದ, ಲಿಂಗಸುಗೂರಿನಿಂದ, ಸುತ್ತಲಿನ ಹಳ್ಳಿಗಳಿಂದ ನಮ್ಮ ಕುಟುಂಬಗಳು ಸಿಂಧನೂರಿನ ಹೊರವಲಯದ ಹೊಸ ಬಡಾವಣೆಗಳಿಗೆ ಬಂದು ನೆಲೆಸುತ್ತಿವೆ. ಮಕ್ಕಳಿಗೆ ಶಾಲೆ ಕಾಲೇಜು ಬೇಕು, ಕಾಯಿಲೆಯಾದರೆ ಆಸ್ಪತ್ರೆ ಬೇಕು, ದುಡಿಮೆಗೆ ದೊಡ್ಡ ಪೇಟೆ ಬೇಕು ಎಂಬ ಕಾರಣಗಳು ನ್ಯಾಯವಾದವುಗಳೇ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದ ಬಳಿಕ ಈ ಸೆಳೆತ ಮತ್ತಷ್ಟು ಬಲವಾಗಿದೆ. ಬರುವುದು ತಪ್ಪಲ್ಲ. ಹೇಗೆ ಬರುತ್ತೇವೆ, ಯಾರ ಹಕ್ಕನ್ನು ತುಳಿದು ಬರುತ್ತೇವೆ, ಯಾವುದನ್ನು ಬಿಟ್ಟು ಬರುತ್ತೇವೆ ಎಂಬುದನ್ನು ಮಾತ್ರ ಯೋಚಿಸಲೇಬೇಕು.

ವಾಸ್ತವದಲ್ಲಿ ಸಿಂಧನೂರು ವಲಸೆ ಬಂದವರಿಂದ ಬೆಳೆದ ಊರು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಆಸುಪಾಸಿನ ಕಪ್ಪು ನೆಲದ ಸ್ವರೂಪವೇ ಬದಲಾಯಿತು. ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಕರಾವಳಿ ಆಂಧ್ರದ ರೈತರು ಇಲ್ಲಿ ಭೂಮಿ ಕೊಂಡು ಕಾಲುವೆಯುದ್ದಕ್ಕೂ ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಬರ್ಮಾದಿಂದ ಮರಳಿದವರಿಗೂ ಸರಕಾರವು ಇದೇ ತಾಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಸ್ಥಾಪಿಸಿತು. ಅವುಗಳನ್ನು ಇಂದಿಗೂ ಜನರು ಆರ್.ಎಚ್. ಕ್ಯಾಂಪು ಎಂದೇ ಕರೆಯುತ್ತಾರೆ. ಇನ್ನೊಂದೆಡೆ ಲಿಂಗಸುಗೂರು, ಮಸ್ಕಿ ಭಾಗದ ಮಳೆಯಾಶ್ರಿತ ಹಳ್ಳಿಗಳ ಬಡವರು ಬೇಸಿಗೆ ಬಂತೆಂದರೆ ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತಲೇ ಇದ್ದಾರೆ. ಬರುವವರನ್ನೂ ಹೋಗುವವರನ್ನೂ ಇಷ್ಟು ಹತ್ತಿರದಿಂದ ಕಂಡ ನಾಡು ವಲಸೆಯಿಂದ ಪಾಠ ಕಲಿಯದಿದ್ದರೆ ಹೇಗೆ?

ಮೊದಲ ಮಾತು ಸಮಾಲೋಚನೆಯದ್ದು. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ಶೂರಾ, ಅಂದರೆ ಸಮಾಲೋಚನೆ ಎಂದೇ ಹೆಸರಿದೆ. ಆದರೆ ನಮ್ಮ ಮನೆಗಳಲ್ಲಿ ಊರು ಬಿಡುವ ವಿಷಯದಲ್ಲಿ ಪತ್ನಿಯ ಅಭಿಪ್ರಾಯ ಕೇಳುವವರೆಷ್ಟು? ಗಂಡಸು ಎಲ್ಲಿದ್ದರೂ ಬೆಳಗ್ಗೆ ದುಡಿಮೆಗೆ ಹೋಗುತ್ತಾನೆ, ನಾಲ್ಕು ಜನರ ಪರಿಚಯ ಮಾಡಿಕೊಳ್ಳುತ್ತಾನೆ. ಓಣಿಯನ್ನು ಬಿಟ್ಟು ಬಂದ ಹೆಣ್ಣಿಗೆ ಹೊಸ ಬಡಾವಣೆಯಲ್ಲಿ ಉಳಿಯುವುದು ನಾಲ್ಕು ಗೋಡೆ ಮತ್ತು ಸುತ್ತ ಖಾಲಿ ನಿವೇಶನಗಳು ಮಾತ್ರ. ಹಳೆಯ ಓಣಿಯಲ್ಲಿ ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯ ಖಾಲಾ ಓಡಿ ಬರುತ್ತಿದ್ದರು. ಇಲ್ಲಿ ಯಾರನ್ನು ಕರೆಯಬೇಕು? ವೃದ್ಧ ತಾಯಿ ತಂದೆ ಜೊತೆಗೆ ಬರುವರೇ? ಹಿಂದೆಯೇ ಉಳಿಯುವುದಾದರೆ ಅವರನ್ನು ನೋಡಿಕೊಳ್ಳುವವರಾರು? ಈ ಪ್ರಶ್ನೆಗಳಿಗೆ ಮನೆಯವರೆಲ್ಲರೂ ಕೂತು ಉತ್ತರ ಕಂಡುಕೊಳ್ಳದೆ ಸಾಮಾನು ಕಟ್ಟಬಾರದು.

ಎರಡನೆಯ ಮಾತು ಬಹಳ ಗಂಭೀರವಾದುದು. ಹೊಸ ಊರಿನಲ್ಲಿ ನಿವೇಶನ ಕೊಳ್ಳಲು ಹಣ ಬೇಕು. ಆಗ ತಂದೆಯ ಕಾಲದ ಮನೆಯನ್ನೋ ಹೊಲವನ್ನೋ ಮಾರುತ್ತಾರೆ. ಅದರಲ್ಲಿ ಅಕ್ಕತಂಗಿಯರ ಪಾಲು ಇರುತ್ತದೆ. ಸೂರಃ ಅನ್ನಿಸಾದಲ್ಲಿ ಹೆಣ್ಣುಮಕ್ಕಳ ಪಾಲನ್ನು ಅಲ್ಲಾಹನೇ ನಿಶ್ಚಯಿಸಿದ್ದಾನೆ. ಅದು ಸಹೋದರನು ದಯೆಯಿಂದ ಕೊಡುವ ಉಡುಗೊರೆಯಲ್ಲ. ಆದರೂ ತಂಗಿಯನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು, "ಸಹಿ ಮಾಡಮ್ಮಾ, ತವರು ಮನೆ ಯಾವತ್ತೂ ನಿನ್ನದೇ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಆ ತವರು ಮನೆಯನ್ನೇ ಮಾರಿದ ಮೇಲೆ ಅವಳಿಗೆ ಉಳಿಯುವುದೇನು? ತವರಿನ ಸಂಬಂಧ ಕಡಿದೀತೆಂಬ ಭಯದಿಂದ ಹಾಕಿದ ಸಹಿಯು ಒಪ್ಪಿಗೆಯಾಗುವುದಿಲ್ಲ. ಪ್ರವಾದಿಯವರು(ಸ) ಮದೀನಾ ತಲುಪಿ ಮಸೀದಿ ಕಟ್ಟಲು ಆರಿಸಿದ ಸ್ಥಳ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಅದನ್ನು ಉಚಿತವಾಗಿ ಪಡೆಯದೆ ಬೆಲೆ ಕೊಟ್ಟೇ ಪಡೆದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಮಸೀದಿಯ ನೆಲಕ್ಕೇ ಹಕ್ಕುದಾರರ ಹಕ್ಕು ಸಲ್ಲಿಸಬೇಕಾಗಿದ್ದರೆ ನಮ್ಮ ಮನೆಯ ನೆಲಕ್ಕೆ ಬೇರೆ ನಿಯಮವುಂಟೇ? ಮಾರಿದ ದಿನವೇ ಸಹೋದರಿಯರ ಪಾಲನ್ನು ಅವರ ಕೈಗೆ ಕೊಡಿರಿ. ಉಳಿದ ಹಣದಲ್ಲಿ ಚಿಕ್ಕ ನಿವೇಶನ ಬಂದರೆ ಚಿಕ್ಕದೇ ಸಾಕು.

ಮೂರನೆಯದು ನಿವೇಶನದ ದಾಖಲೆ ಮತ್ತು ಸಾಲ. ಹೊಲದ ನಡುವೆ ನಾಲ್ಕು ಕಲ್ಲು ನೆಟ್ಟು, ಬಣ್ಣದ ಕರಪತ್ರ ಹಂಚಿ, ಕಂತಿನ ಮೇಲೆ ಪ್ಲಾಟು ಮಾರುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಆ ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ, ಜನರು ಹೇಳುವಂತೆ ಎನ್.ಎ. ಆಗಿದೆಯೇ ಎಂಬುದನ್ನು ನೋಡಿರಿ. ಬಡಾವಣೆಯ ನಕ್ಷೆಗೆ ಅನುಮೋದನೆ ದೊರೆತಿದೆಯೇ? ರಸ್ತೆಗೆ, ಉದ್ಯಾನಕ್ಕೆ ಬಿಟ್ಟ ಜಾಗವನ್ನೇ ನಿಮಗೆ ಮಾರುತ್ತಿಲ್ಲ ತಾನೇ? ಋಣಭಾರ ಪ್ರಮಾಣಪತ್ರ ತೆಗೆಸಿದರೆ ಅದರ ಮೇಲೆ ನೋಂದಾಯಿತ ಅಡಮಾನವಿದೆಯೇ ಎಂಬುದು ತಿಳಿಯುತ್ತದೆ. ಬಾಂಡ್ ಪೇಪರಿನ ಮೇಲಿನ ಕರಾರು ಖರೀದಿಯಲ್ಲ. ನೋಂದಣಿಯಾದ ಖರೀದಿ ಪತ್ರ ಮಾತ್ರ ಖರೀದಿ. ಖಾತೆ ಎಂಬುದು ತೆರಿಗೆಯ ದಾಖಲೆ. ಅದೊಂದರಿಂದಲೇ ಮಾಲಿಕತ್ವ ಸಿದ್ಧವಾಗುವುದಿಲ್ಲ. ಈ ನಾಲ್ಕು ಕಾಗದಗಳನ್ನು ವಕೀಲರೊಬ್ಬರಿಗೆ ತೋರಿಸಲು ತಗಲುವ ಖರ್ಚು ಜೀವಮಾನದ ಉಳಿತಾಯದ ಮುಂದೆ ಏನೇನೂ ಅಲ್ಲ.

ಉಳಿತಾಯ ಸಾಲದಿದ್ದಾಗ ಮನೆಯ ಹೆಂಗಸರ ಹೆಸರಿನಲ್ಲಿ ವಾರದ ಕಂತಿನ ಗುಂಪು ಸಾಲಗಳನ್ನು ಎತ್ತುತ್ತಾರೆ. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರಲ್ಲಿ ರಾಜ್ಯ ಸರಕಾರವು ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿಯನ್ನು ಧರ್ಮ ಏಕೆ ನಿಷೇಧಿಸಿತು ಎಂಬುದಕ್ಕೆ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಕಂತಿನ ದಿನ ಬಾಗಿಲು ಮುಚ್ಚಿ ಕೂರುವ ತಾಯಂದಿರ ಮುಖವನ್ನು ನೋಡಿದರೆ ಸಾಕು. ಸಾಲದ ಮನೆಗಿಂತ ಬಾಡಿಗೆ ಮನೆಯಲ್ಲಿ ನೆಮ್ಮದಿಯ ನಿದ್ರೆ ಬರುತ್ತದೆ. ಮೊದಲ ವರ್ಷ ಬಾಡಿಗೆಗೆ ಇದ್ದು ಊರನ್ನು ಅರಿತು, ಆ ಬಳಿಕ ಕೊಳ್ಳುವುದು ಜಾಣತನ.

ನಾಲ್ಕನೆಯದು ಬಿಸಿಲು ಮತ್ತು ನೀರು. ನಮ್ಮದು ಬಿಸಿಲ ನಾಡು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ನಮ್ಮ ಹಿರಿಯರು ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ, ಅಂಗಳದಲ್ಲೊಂದು ಬೇವಿನ ಮರ ಇಟ್ಟು ಬಿಸಿಲಿನೊಂದಿಗೆ ಬಾಳಿದರು. ಈಗಿನ ಮನೆ ತೆಳು ಗೋಡೆಯದ್ದು. ಹಗಲೆಲ್ಲ ಕಾದ ಕಾಂಕ್ರೀಟ್ ಛಾವಣಿ ರಾತ್ರಿಯಿಡೀ ಶಾಖವನ್ನು ಒಳಗೆ ಬಿಡುತ್ತದೆ. ವಿದ್ಯುತ್ ಹೋದರೆ ಕೂಲರೂ ನಿಲ್ಲುತ್ತದೆ. ಹಸುಗೂಸು, ಬಾಣಂತಿ, ಮುದುಕರು ಇರುವ ಮನೆಗಳಲ್ಲಿ ಇದು ಜೀವದ ಪ್ರಶ್ನೆ. ಮನೆ ನೋಡಲು ಡಿಸೆಂಬರಿನ ಸಂಜೆ ಹೋಗಬೇಡಿರಿ, ಮೇ ತಿಂಗಳ ಮಧ್ಯಾಹ್ನ ಹೋಗಿರಿ. ಪಶ್ಚಿಮಕ್ಕೆ ತೆರೆದ ಗೋಡೆಗೆ ನೆರಳಿದೆಯೇ, ಎದುರು ಬದುರು ಕಿಟಕಿಗಳಿವೆಯೇ ನೋಡಿರಿ. ಛಾವಣಿಗೆ ಬಿಳಿ ಸುಣ್ಣ ಬಳಿದರೂ ಶಾಖ ಎಷ್ಟೋ ಕಡಿಮೆಯಾಗುತ್ತದೆ. ಮನೆಯ ಮುಂದೆ ಬೇವಿನ ಸಸಿ ನೆಟ್ಟವರ ಮಕ್ಕಳು ಅದರ ನೆರಳಲ್ಲಿ ಆಡುತ್ತಾರೆ.

ಕಾಲುವೆಯ ಊರಿನಲ್ಲಿ ನೀರಿಗೇನು ಕೊರತೆ ಎಂದು ಭಾವಿಸಬಾರದು. ಕಾಲುವೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ ಈ ಭಾಗದ ಜನರೆಲ್ಲರೂ ಉಸಿರು ಬಿಗಿಹಿಡಿದು ಕೂತದ್ದು ನೆನಪಿರಬಹುದು. ಒಂದು ಗೇಟಿನ ಮೇಲೆ ನಮ್ಮ ಅನ್ನವೂ ಕುಡಿಯುವ ನೀರೂ ನಿಂತಿವೆ ಎಂಬುದು ಅಂದು ಎಲ್ಲರಿಗೂ ಅರಿವಾಯಿತು. ಹೊಸ ಬಡಾವಣೆಗೆ ನಗರಸಭೆಯ ನಳ ಬಂದಿದೆಯೇ, ಎಷ್ಟು ದಿನಗಳಿಗೊಮ್ಮೆ ನೀರು ಬಿಡುತ್ತಾರೆ, ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾರುವವನಲ್ಲಿ ಕೇಳಬೇಡಿರಿ, ಅಲ್ಲಿ ವಾಸಿಸುವ ಹೆಂಗಸರಲ್ಲಿ ಕೇಳಿರಿ. ಗದ್ದೆಯ ಅಂಚಿನ ಮನೆಗಳಲ್ಲಿ ಸೊಳ್ಳೆಯ ಕಾಟವೂ ಅಕ್ಕಿ ಗಿರಣಿಯ ಪಕ್ಕದ ಮನೆಗಳಲ್ಲಿ ಹೊಟ್ಟಿನ ಧೂಳೂ ಇರುತ್ತವೆ.

ಐದನೆಯದು ಕಾಗದಪತ್ರ. ಆರ್.ಎಚ್. ಕ್ಯಾಂಪುಗಳ ನಮ್ಮ ನೆರೆಯವರನ್ನು ನೋಡಿರಿ. ಅವರಲ್ಲಿ ಅನೇಕರು ಪೌರತ್ವದ ದಾಖಲೆಗಾಗಿ ದಶಕಗಳ ಕಾಲ ಕಾದರು. ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ನಾಮಶೂದ್ರರಿಗೆ ಇಲ್ಲಿ ಆ ಪ್ರಮಾಣಪತ್ರ ಸಿಗದ ತೊಂದರೆಯೂ ದೀರ್ಘಕಾಲ ಕಾಡಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಧರ್ಮದ ಆಧಾರದಲ್ಲಿ ಗೆರೆ ಎಳೆದುದನ್ನು ನಾವು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಕಾಗದವಿಲ್ಲದೆ ಅರ್ಧ ಶತಮಾನ ಬದುಕಿದ ಮನುಷ್ಯನ ಸಂಕಟಕ್ಕೆ ಧರ್ಮವಿಲ್ಲ. ಆ ಸಂಕಟ ನಮಗೆ ಎಚ್ಚರಿಕೆಯಾಗಬೇಕು. ಮನೆ ಬದಲಿಸಿದ ಕೂಡಲೇ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ ನಮೂನೆ 8 ಸಲ್ಲಿಸಿರಿ. ಹಳೆಯ ಊರಿನ ಪಟ್ಟಿಯಲ್ಲಿ ಹೆಸರು ಅಳಿಸಿ, ಹೊಸ ಊರಿನಲ್ಲಿ ಸೇರದೆ ಉಳಿದ ಮತದಾರನು ಪ್ರಜಾಪ್ರಭುತ್ವದಲ್ಲಿ ಇಲ್ಲದವನಂತೆಯೇ. ಪಡಿತರ ಚೀಟಿ, ಆಧಾರ್, ಗ್ಯಾಸ್, ಬ್ಯಾಂಕು ಖಾತೆಗಳಲ್ಲಿ ಹೆಸರಿನ ಅಕ್ಷರ ಒಂದೇ ರೀತಿಯಲ್ಲಿರಲಿ. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ಪ್ರವರ್ಗ 2ಬಿ ಅಥವಾ ಪಿಂಜಾರ, ನದಾಫ ಬಂಧುಗಳಿಗೆ ಪ್ರವರ್ಗ 1ರ ಪ್ರಮಾಣಪತ್ರ, ಇವೆಲ್ಲವೂ ಒಂದೇ ಕಡತದಲ್ಲಿರಲಿ.

ಬೆಂಗಳೂರಿಗೋ ಪುಣೆಗೋ ಕುಟುಂಬ ಸಮೇತ ಹೋಗುವವರಿಗೆ ಇನ್ನೊಂದು ಮಾತು. ಸಂವಿಧಾನದ 371ಜೆ ವಿಧಿಯು ದೀರ್ಘ ಹೋರಾಟದ ಬಳಿಕ 2013ರಲ್ಲಿ ಜಾರಿಗೆ ಬಂತು. ನಮ್ಮ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣದಲ್ಲೂ ಸರಕಾರಿ ಉದ್ಯೋಗದಲ್ಲೂ ಅದು ಮೀಸಲಾತಿ ಒದಗಿಸಿದೆ. ಅದರ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳು ನೀಡುತ್ತಾರೆ. ನಮಗೆ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಮಗ ಹತ್ತನೆಯ ತರಗತಿ ಮುಗಿಸಿದ ಮೇಲೆ ಅಜ್ಜನ ಕಾಲದ ದಾಖಲೆ ಹುಡುಕುತ್ತಾ ಅಲೆಯುವ ಬದಲು ಊರು ಬಿಡುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳಿರಿ.

ಆರನೆಯದು ಹೆಣ್ಣುಮಕ್ಕಳ ಶಿಕ್ಷಣ. ಊರು ಬದಲಿಸುವ ಗಡಿಬಿಡಿಯಲ್ಲಿ ಮೊದಲು ಶಾಲೆ ಬಿಡುವವಳು ದೊಡ್ಡ ಮಗಳು. ಸಾಮಾನು ಜೋಡಿಸಲು, ತಮ್ಮನನ್ನು ನೋಡಿಕೊಳ್ಳಲು ಎಂದು ಒಂದು ತಿಂಗಳು ಉಳಿಸಿಕೊಳ್ಳುತ್ತಾರೆ. ಬಳಿಕ ಶಾಲೆ ದೂರವಾಯಿತು, ಟಂಟಂನಲ್ಲಿ ಒಬ್ಬಳೇ ಹೇಗೆ ಹೋಗುವುದು ಎನ್ನುತ್ತಾರೆ. ಮುಂದೆ ಮದುವೆಯ ಮಾತು ಬರುತ್ತದೆ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿ ಶಾಲೆಯ ಮುಖ ಕಂಡಿಲ್ಲ ಅಥವಾ ಶಾಲೆ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಮಕ್ಕಳ ಶಿಕ್ಷಣಕ್ಕೆಂದು ಊರು ಬದಲಿಸಿ ಮಗಳ ಶಿಕ್ಷಣವನ್ನೇ ನಿಲ್ಲಿಸಿದರೆ ಆ ವಲಸೆಯ ಉದ್ದೇಶವೇ ಸೋತಂತೆ. ಪರೀಕ್ಷೆ ಮುಗಿದ ಮೇಲೆಯೇ ಊರು ಬಿಡಿರಿ. ಹೊಸ ಶಾಲೆಯಲ್ಲಿ ಸೀಟು ಖಚಿತವಾದ ಬಳಿಕವೇ ಮನೆ ಹಿಡಿಯಿರಿ.

ಕೊನೆಯದು ನೆರೆಹೊರೆ. ಹೆಸರು ಕೇಳಿದೊಡನೆ ಬಾಡಿಗೆ ಮನೆ ಇಲ್ಲವೆನ್ನುವ ಅನುಭವ ನಮ್ಮಲ್ಲಿ ಅನೇಕರಿಗಿದೆ. ಮುಸ್ಲಿಮರಿಗೆ ಮನೆ ಸಿಗದಿರುವುದನ್ನೂ ಭಯದಿಂದ ಅವರು ಒಂದೆಡೆ ಗುಂಪಾಗಿ ಸೇರುವುದನ್ನೂ ಸಾಚಾರ್ ವರದಿ ಗುರುತಿಸಿತ್ತು. ಇದು ಅನ್ಯಾಯ, ಇದನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ಬಾಗಿಲು ತೆರೆದವರೂ ಬಹಳ ಮಂದಿ ಇದ್ದಾರೆ. ಮುದಗಲ್ಲಿನ ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ನಡೆಯುವ ನಾಡು ಇದು. ಮಿಶ್ರ ಬಡಾವಣೆಯಲ್ಲಿ ಮನೆ ಸಿಕ್ಕರೆ ಹಿಂಜರಿಯಬೇಡಿರಿ. ಮೊದಲ ವಾರವೇ ನೆರೆಯವರ ಮನೆಗೆ ಹೋಗಿ ಪರಿಚಯ ಹೇಳಿಕೊಳ್ಳಿರಿ. ಕಸ, ನೀರು, ವಾಹನ ನಿಲುಗಡೆಯ ವಿಷಯದಲ್ಲಿ ಅವರಿಗೆ ತೊಂದರೆಯಾಗದಂತೆ ಬಾಳಿರಿ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿಯವರು(ಸ) ಒತ್ತಿ ಹೇಳಿದ ಮಾತುಗಳಲ್ಲಿ ನೆರೆಯವನ ಧರ್ಮ ಯಾವುದೆಂಬ ಷರತ್ತು ಇಲ್ಲ.

ಈಗಾಗಲೇ ಇಲ್ಲಿ ನೆಲೆಸಿರುವವರ ಹೊಣೆಯೂ ಇದೆ. ಹಿಜ್ರತ್‌ನ ಬಳಿಕ ಮದೀನಾದ ಸಅದ್ ಬಿನ್ ರಬೀ(ರ) ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಮುಂದಾದಾಗ, ಬರಿಗೈಯಲ್ಲಿ ಬಂದಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅದನ್ನು ಸ್ವೀಕರಿಸದೆ ಪೇಟೆಯ ದಾರಿಯನ್ನಷ್ಟೇ ಕೇಳಿದರು. ಕೊಡುವವರ ಔದಾರ್ಯವೂ ಬಂದವರ ಸ್ವಾಭಿಮಾನವೂ ಕೂಡಿ ಆ ಸಮಾಜ ಬೆಳೆಯಿತು. ಪ್ರತಿ ಮಸೀದಿಯ ಸಮಿತಿಯೂ ಹೊಸದಾಗಿ ಬಂದ ಕುಟುಂಬಗಳನ್ನು ಗುರುತಿಸಲಿ. ಶಾಲೆ, ಆಸ್ಪತ್ರೆ, ದುಡಿಮೆ, ಸರಕಾರಿ ಕಚೇರಿಗಳ ದಾರಿಯನ್ನು ತೋರಿಸಲಿ. ನಮ್ಮ ಸಹೋದರಿಯರು ಹೊಸ ಮನೆಯ ಹೆಣ್ಣುಮಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಲಿ. ಹಾಗೆಯೇ ಬಂದವರು ಬಿಟ್ಟು ಬಂದ ಓಣಿಯನ್ನು ಮರೆಯದಿರಲಿ. ಅನುಕೂಲವಿದ್ದವರೆಲ್ಲರೂ ಹೊರಟುಬಿಟ್ಟರೆ ಅಲ್ಲಿನ ಸರಕಾರಿ ಶಾಲೆಗಾಗಿ ದನಿಯೆತ್ತುವವರು ಯಾರು? ನಿಮ್ಮ ಝಕಾತಿನ ಮೇಲೆ ಆ ಓಣಿಯ ವಿಧವೆಗೂ ಅನಾಥನಿಗೂ ಹಕ್ಕಿದೆ.

ಈ ಬೇಸಿಗೆ ರಜೆಯಲ್ಲಿ ಮನೆ ಬದಲಿಸಲು ಯೋಚಿಸುತ್ತಿರುವವರು ಇಂದು ಮನೆಗೆ ಹೋಗಿ ಎರಡು ಕೆಲಸ ಮಾಡಿರಿ. ಮನೆಯವರನ್ನೆಲ್ಲ ಕೂರಿಸಿ ಅವರ ಮಾತು ಕೇಳಿರಿ. ತಂದೆಯ ಆಸ್ತಿಯಲ್ಲಿ ಸಹೋದರಿಯರ ಪಾಲೆಷ್ಟು ಎಂಬ ಲೆಕ್ಕ ತೆಗೆಯಿರಿ. ಇವೆರಡೂ ಆದ ಮೇಲೆ ಹಾಕುವ ಹೆಜ್ಜೆಯಲ್ಲಿ ಅಲ್ಲಾಹನು ಬರ್ಕತ್ ನೀಡಲಿ. ವಸ್ಸಲಾಮ್.