ಕೂಲಿಯ ಪಾಲೆಷ್ಟು, ಲಾಭದ ಪಾಲೆಷ್ಟು?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



ಸಾವಿರ ಬೀಡಿ ಕಟ್ಟಿದರೆ ಕೂಲಿ ಎಷ್ಟೆಂದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತುಂಟು. ಆದರೆ ಆ ಸಾವಿರ ಬೀಡಿ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ, ಆ ಹಣ ಯಾರ್ಯಾರಿಗೆ ಹೋಗುತ್ತದೆ ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?

ಎಲೆ, ಹೊಗೆಸೊಪ್ಪು, ನೂಲಿನ ಖರ್ಚು, ತೆರಿಗೆ ಎಲ್ಲ ಕಳೆದು ಉಳಿದದ್ದು ಎರಡು ಪಾಲಾಗುತ್ತದೆ. ದುಡಿದವರಿಗೆ ಕೂಲಿ, ಬಂಡವಾಳ ಹಾಕಿದವರಿಗೆ ಲಾಭ, ಬಡ್ಡಿ, ಬಾಡಿಗೆ. ಸ್ವಂತ ಗದ್ದೆ, ಅಂಗಡಿ ಇರುವವರ ಗಳಿಕೆಯಲ್ಲಿ ಎರಡೂ ಸೇರಿರುತ್ತವೆ. ರಾಷ್ಟ್ರೀಯ ಆದಾಯವೂ ಹೀಗೆಯೇ ಹಂಚಿಕೆಯಾಗುತ್ತದೆ.

ನಮ್ಮ ದೇಶದ ನೋಂದಾಯಿತ ಕಾರ್ಖಾನೆಗಳನ್ನೇ ನೋಡಿ. ಸಾಮಗ್ರಿಯ ಖರ್ಚು, ಯಂತ್ರಗಳ ಸವಕಳಿ ಕಳೆದು ಉಳಿದ ಪ್ರತಿ 100 ರೂಪಾಯಿಯಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 30 ರೂಪಾಯಿ ಕಾರ್ಮಿಕರ ಕೂಲಿಗೆ ಹೋಗುತ್ತಿತ್ತು. 2007-08ರ ಹೊತ್ತಿಗೆ ಅದು ಸುಮಾರು 10ಕ್ಕೆ ಇಳಿಯಿತು. ಆಮೇಲೆ ತುಸು ಏರಿದರೂ ಹಿಂದಿನ ಮಟ್ಟಕ್ಕೆ ಬಂದಿಲ್ಲ. ಯಂತ್ರಗಳು ಬಂದವು, ಗುತ್ತಿಗೆ ಕೆಲಸ ಹೆಚ್ಚಿತು, ಒಟ್ಟಾಗಿ ಕೇಳುವ ಬಲ ಕುಗ್ಗಿತು.

ಒಂದೇ ಸೂರಿನಡಿ ದುಡಿಯುವವರಿಗೇ ಹೀಗಾದರೆ, ಜಗಲಿಯಲ್ಲಿ ಒಬ್ಬೊಬ್ಬರೇ ಕೂತು ಬೀಡಿ ಕಟ್ಟುವವರು ಕೇಳುವುದು ಹೇಗೆ? ಅತ್ತೆ ಎಲೆ ಕತ್ತರಿಸುತ್ತಾರೆ, ಮಗಳು ಕಟ್ಟು ಮಾಡುತ್ತಾಳೆ. ಸಿಗುವ ಕೂಲಿ ಒಬ್ಬರದ್ದು. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಅದೂ ಇಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಇಷ್ಟು ವರ್ಷ ಸಂಘಗಳಿಗೆ ಬಂದಾಗ ನಾವು ಕೇಳಿದ್ದು ಎರಡೇ: ಉಳಿತಾಯ ಎಷ್ಟಾಯ್ತು? ಸಾಲದ ಕಂತು ಕಟ್ಟಿದ್ರಾ? ಕೂಲಿ ಎಷ್ಟು ಸಿಕ್ತು ಅಂತ ಕೇಳಲಿಲ್ಲ. ಸಾಲದ ಪುಸ್ತಕ ತೆರೆದರೆ ಅಕ್ಕಿಗೆ, ಮದ್ದಿಗೆ, ಮಕ್ಕಳ ಫೀಸಿಗೆ ತೆಗೆದ ಸಾಲವೇ ಕಾಣುತ್ತದೆ. ಇವೆಲ್ಲ ಕೂಲಿಯಲ್ಲೇ ನಡೆಯಬೇಕಾದ ಖರ್ಚು. ಕೂಲಿ ಸಾಲದ್ದಕ್ಕೆ ಸಾಲ, ಅದರ ಮೇಲೆ ಬಡ್ಡಿ. ಸಂಘದ ಹಣದ ಬಡ್ಡಿ ಸಂಘದಲ್ಲೇ ಉಳಿಯುತ್ತದೆ, ಸಂತೋಷ. ಬ್ಯಾಂಕ್ ಸಾಲದ ಬಡ್ಡಿಯಾದರೋ ಪುನಃ ಬಂಡವಾಳದ ಪಾಲಿಗೇ ಹೋಯಿತು, ಅಲ್ವಾ?

1891ರಲ್ಲಿ ಪೋಪ್ ಹದಿಮೂರನೇ ಲಿಯೋ ತಮ್ಮ ವಿಶ್ವಪತ್ರದಲ್ಲಿ ಈ ವಿಷಯ ತಿಳಿಸಿದ್ದಾರೆ: ಬೇರೆ ದಾರಿಯಿಲ್ಲದೆ ಕೆಲಸಗಾರ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ಬದುಕು ನಡೆಸಲು ಸಾಕಾಗಬೇಕು. ಯಾವ ಧರ್ಮದವರಾದರೂ ಈ ಮಾತು ಒಪ್ಪಬಹುದು.

ಆದ್ದರಿಂದ ಮುಂದಿನ ವಾರದಿಂದ ಉಳಿತಾಯದ ಜೊತೆಗೆ ಪ್ರತಿ ಸದಸ್ಯೆಯ ಕೂಲಿಯನ್ನೂ ಬರೆಯೋಣ: ಕಟ್ಟಿದ ಬೀಡಿ ಎಷ್ಟು, ತೆಗೆದುಹಾಕಿದ್ದು ಎಷ್ಟು, ಕೈಗೆ ಬಂದದ್ದೆಷ್ಟು, ಭವಿಷ್ಯನಿಧಿಗೆ ಹಿಡಿದದ್ದೆಷ್ಟು. ಬೀಡಿ ಕೆಲಸಕ್ಕೆ ಸರಕಾರ ಕನಿಷ್ಠ ಕೂಲಿ ನಿಗದಿ ಮಾಡಿದೆ. ಅದರೊಂದಿಗೆ ಹೋಲಿಸಿ ನೋಡೋಣ. ಕಡಿಮೆ ಇದ್ದರೆ ಕಾರ್ಮಿಕ ಇಲಾಖೆಗೆ ಒಬ್ಬರೇ ಹೋಗುವುದು ಬೇಡ. ಪುಸ್ತಕ ಹಿಡಿದು ಇಪ್ಪತ್ತು ಮಂದಿಯೂ ಹೋಗೋಣ, ನಾವೂ ಜೊತೆಗಿರುತ್ತೇವೆ.

ನಿಮ್ಮ ಕೈಗಳ ದುಡಿಮೆಯನ್ನು ದೇವರು ಆಶೀರ್ವದಿಸಲಿ.