ಹಳೆಯ ಗರಗಸವೋ, ದೊಡ್ಡ ಗರಗಸವೋ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮರ ಉಳಿಸುವ ಮಾತನಾಡಲು ಸೇರುವ ಸಭೆಯಲ್ಲಿ ಮರ ಕೊಯ್ಯುವ ಯಂತ್ರದ ಕುರಿತು ಉಪನ್ಯಾಸವೇಕೆ ಎಂದು ಕೆಲವರಿಗೆ ಅನ್ನಿಸಬಹುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತಾಗ ಹುಟ್ಟಿದ ಅಪ್ಪಿಕೋ ಚಳವಳಿಯು ನಮಗೆ ಕೊಟ್ಟ ಸೂತ್ರದಲ್ಲಿ ಮೂರು ಪದಗಳಿವೆ: ಉಳಿಸು, ಬೆಳೆಸು, ಬಳಸು. ಮೊದಲೆರಡರ ಬಗ್ಗೆ ನಾವು ಬಹಳ ಮಾತನಾಡಿದ್ದೇವೆ. ಮೂರನೆಯದರ ಬಗ್ಗೆ ಮಾತನಾಡಿದ್ದು ಕಡಿಮೆ. ಯಾವ ಉಪಕರಣದಿಂದ, ಎಷ್ಟು, ಹೇಗೆ ಬಳಸುತ್ತೇವೆ ಎಂಬುದೂ ಪರಿಸರದ ಪ್ರಶ್ನೆಯೇ ಆಗಿದೆ.

ಮಲೆನಾಡಿನ ಹಲವು ಊರುಗಳಲ್ಲಿ ಇಂದು ಒಂದಲ್ಲ ಒಂದು ಚೈನ್‌ಸಾ ಇದೆ. ಹೆಚ್ಚಾಗಿ ಅದು 45ರಿಂದ 50 ಸಿಸಿಯದು. ಅದಕ್ಕೆ 16 ಅಥವಾ 18 ಇಂಚಿನ ಬಾರ್ ಇರುತ್ತದೆ. ಮಳೆಗಾಲದಲ್ಲಿ ರಸ್ತೆಗೋ ವಿದ್ಯುತ್ ತಂತಿಗೋ ಅಡ್ಡ ಬಿದ್ದ ಮರವನ್ನು ತೆರವು ಮಾಡಲು, ತೋಟದ ಸಿಲ್ವರ್ ಓಕ್ ಕೊಯ್ಯಲು, ವರ್ಷದ ಕಟ್ಟಿಗೆಗೆ ಅದನ್ನೇ ನೆಚ್ಚಿಕೊಂಡಿದ್ದೇವೆ. ನಾಲ್ಕಾರು ವರ್ಷ ಕಳೆಯುತ್ತಲೇ ‘ಯಂತ್ರಕ್ಕೆ ಶಕ್ತಿ ಸಾಲದು’ ಎಂಬ ಮಾತು ಏಳುತ್ತದೆ. ಆಗ ಎರಡು ಸಲಹೆಗಳು ಬರುತ್ತವೆ. ಇದ್ದುದನ್ನೇ ಬಿಚ್ಚಿ, ಸೈಲೆನ್ಸರ್ ಕೊರೆದು, ಎಂಜಿನ್ ತಿದ್ದಿ ಶಕ್ತಿ ಹೆಚ್ಚಿಸಬೇಕೆಂಬುದು ಒಂದು. 70 ಸಿಸಿಯ ದೊಡ್ಡ ಯಂತ್ರವನ್ನೇ ಕೊಳ್ಳಬೇಕೆಂಬುದು ಇನ್ನೊಂದು. ಈ ಎರಡರ ನಡುವೆ ಆಯ್ಕೆ ಮಾಡುವ ಮೊದಲು, ಶಕ್ತಿ ನಿಜವಾಗಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ನೋಡಬೇಕು.

ಚೈನ್‌ಸಾದ ಇತಿಹಾಸದಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ ಚೈನ್‌ಸಾ ರೂಪಿಸಿದರು. 1929ರಲ್ಲಿ ಪೆಟ್ರೋಲ್ ಯಂತ್ರ ಬಂದಿತು. ಆದರೆ ಅದರ ಚೈನು ಬೇಗನೆ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ಪ್ರಾಂತದ ಮರ ಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್ ಎಂಬವರು, ಮರದ ಬುಡವೊಂದರಲ್ಲಿ ಜೀರುಂಡೆಯ ಮರಿಹುಳು ಕೊರೆಯುತ್ತಿದ್ದುದನ್ನು ಗಮನಿಸಿದರು. ಅದರ ಬಾಗಿದ ದವಡೆಗಳು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುತ್ತಿದ್ದವು. ಆ ದವಡೆಯ ಮಾದರಿಯಲ್ಲಿ ಅವರು ರೂಪಿಸಿದ ಹಲ್ಲು 1947ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ಕೈಯಲ್ಲಿರುವ ಚೈನು ಅದರ ಸಂತತಿಯೇ. ಅಂದರೆ ಮರವನ್ನು ಕೊಯ್ಯುವುದು ಹಲ್ಲು. ಎಂಜಿನ್ ಆ ಹಲ್ಲನ್ನು ಎಳೆದೊಯ್ಯುತ್ತದೆ, ಅಷ್ಟೆ.

ಆದುದರಿಂದ ‘ಶಕ್ತಿ ಸಾಲದು’ ಎಂದವರು ಮೊದಲು ಕೆಳಗೆ ಬಿದ್ದ ಹುಡಿಯನ್ನು ನೋಡಬೇಕು. ಅಡ್ಡ ಕೊಯ್ಯುವಾಗ ಚೈನು ಹರಿತವಾಗಿದ್ದರೆ ಅವಲಕ್ಕಿಯಂತಹ ಚೂರುಗಳು ಬೀಳುತ್ತವೆ. ಮೊಂಡಾಗಿದ್ದರೆ ಹಿಟ್ಟಿನಂತಹ ಪುಡಿ ಬೀಳುತ್ತದೆ. ಯಂತ್ರವನ್ನು ಒತ್ತಿ ಹಿಡಿದರೆ ಮಾತ್ರ ಕೊಯ್ಯುತ್ತದೆ ಎಂದಾದರೆ, ಕೊಯ್ಲು ಒಂದೇ ಪಕ್ಕಕ್ಕೆ ಓರೆಯಾಗುತ್ತಿದೆ ಎಂದಾದರೆ, ದೋಷ ಎಂಜಿನ್ನಿನದಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಮೊಂಡು ಚೈನಿನ ತಪ್ಪನ್ನು ನಾವು ಸಿಸಿಯ ಮೇಲೆ ಹೊರಿಸುತ್ತೇವೆ. ಕೆಂಪು ಧೂಳು ಮೆತ್ತಿದ ತೊಗಟೆ, ಒಣಗಿದ ಅಕೇಶಿಯಾ, ನೆಲಕ್ಕೆ ತಾಗಿದ ದಿಮ್ಮಿ ಇವು ಹಲ್ಲನ್ನು ಬಹುಬೇಗ ಮೊಂಡು ಮಾಡುತ್ತವೆ. ಪೆಟ್ರೋಲ್ ತುಂಬಿಸುವಾಗಲೆಲ್ಲ ಸರಿಯಾದ ಗಾತ್ರದ ದುಂಡನೆಯ ಅರದಿಂದ ಪ್ರತಿ ಹಲ್ಲನ್ನೂ ಎರಡು ಮೂರು ಸಲ ಒಂದೇ ಕೋನದಲ್ಲಿ ಉಜ್ಜಿದರೆ ಸಾಕು. ಹಲ್ಲಿನ ಮುಂದಿರುವ ಸಣ್ಣ ಏಣು, ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರಿನಷ್ಟು ತಗ್ಗಿರಬೇಕು. ಅದು ಎತ್ತರವಾಗಿದ್ದರೆ ಹಲ್ಲು ಮರವನ್ನು ಕಚ್ಚುವುದಿಲ್ಲ. ಅತಿಯಾಗಿ ತಗ್ಗಿದರೆ ಯಂತ್ರ ಎಗರಿ ಅಪಾಯ ತರುತ್ತದೆ.

ಇದರೊಡನೆ ಗಾಳಿಯ ಫಿಲ್ಟರನ್ನು ಶುಚಿಗೊಳಿಸುವುದು, ಸವೆದ ಪ್ಲಗ್ ಬದಲಿಸುವುದು, ಬಾರಿನ ಗಾಡಿಯನ್ನು ಕೆರೆದು ಅದನ್ನು ಆಗಾಗ ಮಗುಚಿ ಹಾಕುವುದು, 18 ಇಂಚಿನ ಬದಲು 16 ಇಂಚಿನ ಬಾರ್ ಹಾಕುವುದು ಇವೂ ಮಾರ್ಪಾಡುಗಳೇ. ಉದ್ದನೆಯ ಬಾರ್ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಅದನ್ನು ಪೂರ್ತಿ ಮರದೊಳಗೆ ಇಳಿಸಿದಾಗ ಹೆಚ್ಚು ಹಲ್ಲುಗಳನ್ನು ಎಳೆಯುವ ಹೊರೆಯನ್ನು ಅದೇ ಎಂಜಿನ್ ಹೊರಬೇಕಾಗುತ್ತದೆ. ಇಷ್ಟನ್ನು ಮಾಡಿದ ಮೇಲೂ ಶಕ್ತಿ ಸಾಲದಿದ್ದರೆ ಮುಂದಿನ ಮಾತು.

ಈಗ ಸೈಲೆನ್ಸರ್ ಕೊರೆಯುವ ಸಲಹೆಯನ್ನು ಪರಿಶೀಲಿಸೋಣ. ಹೊಗೆ ಸರಾಗವಾಗಿ ಹೊರಹೋದರೆ ಎಂಜಿನ್ ಹೆಚ್ಚು ಗಾಳಿ ಎಳೆದುಕೊಂಡು ಸ್ವಲ್ಪ ಚುರುಕಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಗಾಳಿ ಹೆಚ್ಚಿದಾಗ ಅದಕ್ಕೆ ತಕ್ಕಂತೆ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನೂ ಹೆಚ್ಚಿಸಬೇಕು. ಈ ಎಂಜಿನ್‌ಗೆ ಎಣ್ಣೆ ದೊರೆಯುವುದು ಪೆಟ್ರೋಲಿನ ಮೂಲಕವೇ. ಬಹಳಷ್ಟು ಯಂತ್ರಗಳಿಗೆ 50ಕ್ಕೆ 1ರ ಪ್ರಮಾಣ, ಅಂದರೆ ಲೀಟರಿಗೆ 20 ಮಿಲಿಲೀಟರ್. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಕಾವು ಮಾತ್ರ ಹೆಚ್ಚು. ಕೊನೆಗೆ ಪಿಸ್ಟನ್ ಸೀಜ್ ಆಗಿ ಇದ್ದ ಯಂತ್ರವೂ ಕೈಬಿಡುತ್ತದೆ. ಸಿಲಿಂಡರಿನ ರಂಧ್ರಗಳನ್ನೇ ತಿದ್ದುವ ಕೆಲಸವಂತೂ ನುರಿತವರಿಗೆ ಮಾತ್ರ ಸಾಧ್ಯ. ಅದನ್ನು ಚೆನ್ನಾಗಿಯೇ ಮಾಡಿದರೂ 50 ಸಿಸಿಯ ಯಂತ್ರ 70 ಸಿಸಿಯ ಯಂತ್ರವಾಗುವುದಿಲ್ಲ.

ನಮ್ಮ ಬೆಟ್ಟಗಳಿಗೆ ಸಂಬಂಧಿಸಿದ ಅಪಾಯ ಇನ್ನೊಂದಿದೆ. ಬಹಳಷ್ಟು ಯಂತ್ರಗಳ ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಸೈಲೆನ್ಸರನ್ನು ಕೊರೆಯುವವರು ಅದನ್ನೂ ಕಿತ್ತೆಸೆಯುವುದುಂಟು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸೊಪ್ಪಿನ ಬೆಟ್ಟದಲ್ಲಿ ದರಕು ಒಣಗಿ ಬಿದ್ದಿರುವಾಗ ಒಂದು ಕಿಡಿ ಏನು ಮಾಡಬಲ್ಲದು ಎಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಇನ್ನು ಶಬ್ದ. ಚೈನ್‌ಸಾದ ಶಬ್ದ ಕೊಯ್ಯುವವರ ಕಿವಿಯ ಬಳಿ ಸಾಮಾನ್ಯವಾಗಿಯೇ 100 ಡೆಸಿಬೆಲ್ ಮೀರುತ್ತದೆ; ಸೈಲೆನ್ಸರ್ ತೆರೆದರೆ ಮತ್ತಷ್ಟು ಏರುತ್ತದೆ. ಕೇಳುವ ಶಕ್ತಿ ಒಮ್ಮೆ ಹೋದರೆ ಮರಳಿ ಬಾರದು. ಹೀಗಾಗಿ ಹಲ್ಲು, ಬಾರ್, ಫಿಲ್ಟರ್ ಇವುಗಳ ಮಾರ್ಪಾಡಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಎಂಜಿನ್ ಮತ್ತು ಸೈಲೆನ್ಸರಿನ ಮಾರ್ಪಾಡಿಗೆ ಇಲ್ಲ.

ಹಾಗಾದರೆ ದೊಡ್ಡ ಯಂತ್ರವೇ ಉತ್ತರವೇ? ಕೆಲಸ ನಿಜವಾಗಿಯೂ ದೊಡ್ಡದಾಗಿದ್ದರೆ, ಹೌದು. ಚಿಕ್ಕ ಯಂತ್ರವನ್ನು ದಿನವಿಡೀ ಅದರ ಮಿತಿ ಮೀರಿ ದುಡಿಸುವುದಕ್ಕಿಂತ ತಕ್ಕ ಯಂತ್ರ ಕೊಳ್ಳುವುದೇ ವಿವೇಕ. ಆದರೆ ಲೆಕ್ಕ ತಿಳಿದಿರಲಿ. 50 ಸಿಸಿಯ ಯಂತ್ರ ಬಾರ್ ಹೊರತುಪಡಿಸಿ ಸುಮಾರು 5 ಕೆ.ಜಿ. ತೂಗಿದರೆ, 70 ಸಿಸಿಯದು 6ರಿಂದ 6.6 ಕೆ.ಜಿ. ತೂಗುತ್ತದೆ. ಜಾರುವ ಇಳಿಜಾರಿನಲ್ಲಿ, ಮಳೆಯಲ್ಲಿ ಈ ಒಂದರಿಂದ ಒಂದೂವರೆ ಕೆ.ಜಿ. ಸಂಜೆಯ ಹೊತ್ತಿಗೆ ತೋಳಿಗೆ ತಿಳಿಯುತ್ತದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ದಣಿದ ಕೈಯಲ್ಲಿ, ದೊಡ್ಡ ಯಂತ್ರದಲ್ಲಿ ಅದನ್ನು ತಡೆಯುವುದು ಇನ್ನೂ ಕಷ್ಟ. ಕಂಪನದ ಹಾನಿಯನ್ನೂ ಮರೆಯಬಾರದು. ಜಪಾನಿನ ಅರಣ್ಯ ಕೆಲಸಗಾರರಲ್ಲಿ ಬೆರಳುಗಳು ಬಿಳಿಚಿ ಮರಗಟ್ಟುವ ರೋಗ 1960ರ ದಶಕದಲ್ಲಿ ವ್ಯಾಪಕವಾಗಿ ಕಂಡುಬಂದಿತು. ಅದಕ್ಕೆ ಕಾರಣ ಚೈನ್‌ಸಾದ ಕಂಪನ.

ಪೆಟ್ರೋಲಿನೊಡನೆ ಚೈನಿಗೆ ಸುರಿಯುವ ಎಣ್ಣೆಯೂ ಹೆಚ್ಚುತ್ತದೆ. ಆ ಎಣ್ಣೆ ಮರಳಿ ಸಂಗ್ರಹವಾಗುವಂಥದ್ದಲ್ಲ. ಹನಿಹನಿಯೂ ಮಣ್ಣಿಗೆ ಸೇರುತ್ತದೆ. ಗ್ಯಾರೇಜಿನ ಸುಟ್ಟ ಆಯಿಲನ್ನು ಚೈನಿಗೆ ಹಾಕುವ ರೂಢಿಯನ್ನು ಇಂದೇ ಬಿಡಬೇಕು. ಅದರಲ್ಲಿರುವ ಲೋಹದ ಅಂಶಗಳು ಹಳ್ಳಕ್ಕೆ, ಒರತೆಗೆ, ತೋಟದ ಕಾಲುವೆಗೆ ಸೇರುತ್ತವೆ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಿಮಗೊಂದು ಕೆಲಸವಿದೆ. ಒಂದು ವರ್ಷ ಊರಿನ ಯಂತ್ರದ ಜೊತೆಗೆ ಒಂದು ನೋಟುಪುಸ್ತಕ ಇರಲಿ. ಕೊಯ್ದ ಪ್ರತಿ ಮರದ ಜಾತಿ, ಸುತ್ತಳತೆ, ಕೊಯ್ದ ಕಾರಣ, ಖರ್ಚಾದ ಪೆಟ್ರೋಲ್ ಇಷ್ಟನ್ನು ಬರೆಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. 18 ಇಂಚಿನ ಬಾರ್, ಸುತ್ತಳತೆ ಸುಮಾರು ನಾಲ್ಕೂವರೆ ಅಡಿಯಿರುವ ದಿಮ್ಮಿಯನ್ನು ಒಂದೇ ಬದಿಯಿಂದ ಕೊಯ್ಯಬಲ್ಲದು. ಎರಡೂ ಬದಿಯಿಂದ ಕೊಯ್ದರೆ ಅದಕ್ಕಿಂತ ಬಹಳ ದಪ್ಪನೆಯದನ್ನೂ ಕೊಯ್ಯಬಹುದು. ವರ್ಷದ ಕೊನೆಗೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿರಿ. ನಾಲ್ಕೂವರೆ ಅಡಿ ಮೀರಿದ ಮರಗಳು ಬೆರಳೆಣಿಕೆಯಷ್ಟಿದ್ದರೆ, ಅವುಗಳಿಗಾಗಿ ಆ ದಿನದ ಮಟ್ಟಿಗೆ ದೊಡ್ಡ ಯಂತ್ರವನ್ನು ಬಾಡಿಗೆಗೆ ತರಬಹುದು. ಪ್ರತಿ ವಾರವೂ ಅಂಥ ಮರಗಳು ಬರುತ್ತಿದ್ದರೆ ದೊಡ್ಡ ಯಂತ್ರ ಕೊಳ್ಳಲು ಕಾರಣವಿದೆ ಎನ್ನಬಹುದು; ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಷ್ಟು ದೊಡ್ಡ ಮರಗಳು ನಮ್ಮ ಊರಿನಲ್ಲಿ ಏಕೆ ಬೀಳುತ್ತಿವೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂತಹ ಕೆಲವು ಜಾತಿಗಳಿಗೆ ವಿನಾಯಿತಿ ನೀಡಿ, ಉಳಿದ ಮರಗಳನ್ನು ಕಡಿಯುವ ಮೊದಲು ಅನುಮತಿ ಪಡೆಯಬೇಕೆನ್ನುತ್ತದೆ. ವಿನಾಯಿತಿ ಪಡೆದ ಮರಗಳು ಬಹುಪಾಲು ನಾವೇ ನೆಟ್ಟು ಬೆಳೆಸಿದವು, ಹದಿನೆಂಟು ಇಂಚಿನ ಬಾರಿಗೆ ದಕ್ಕುವಂಥವು. ಆರೇಳು ಅಡಿ ಸುತ್ತಳತೆಯ ಮತ್ತಿ, ಹೊನ್ನೆ, ಹಲಸು ಹಾಗಲ್ಲ. ಅವು ನಮ್ಮ ಅಜ್ಜಂದಿರ ಕಾಲದವು. ಕೊಡಲಿಯ ದಿನಗಳಲ್ಲಿ ಅಂಥ ಮರ ಉರುಳಿಸಲು ಇಡೀ ದಿನ, ನಾಲ್ಕು ಜನ ಬೇಕಿತ್ತು. ಆ ಶ್ರಮವೇ ಮರಕ್ಕೆ ಒಂದು ಬಗೆಯ ಬೇಲಿಯಾಗಿತ್ತು. ದೊಡ್ಡ ಯಂತ್ರ ಆ ಬೇಲಿಯನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಕೈಯಲ್ಲಿ ದೊಡ್ಡ ಯಂತ್ರವಿದ್ದಾಗ ಕಣ್ಣು ದೊಡ್ಡ ಮರವನ್ನು ಹುಡುಕುವುದು ಸಹಜ. ಸಾಲ ಮಾಡಿ ಕೊಂಡ ಯಂತ್ರವಾದರೆ ಕಂತು ತೀರಿಸುವ ಒತ್ತಡವೂ ಸೇರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಯಂತ್ರದ ಗಾತ್ರಕ್ಕೂ ಅದೇ ನೀತಿ; ಇಲ್ಲಿ ಹಾಸಿಗೆ ಎಂದರೆ ನಮ್ಮ ಬೆಟ್ಟ. ಬೆಟ್ಟ ಪ್ರತಿ ವರ್ಷ ನೀಡಬಲ್ಲದ್ದನ್ನು ಕೊಯ್ಯಲು ಹರಿತವಾದ ಸಣ್ಣ ಯಂತ್ರ ಸಾಕು. ಈ ವಾರ ನಿಮ್ಮ ಊರಿನ ಯಂತ್ರಕ್ಕೆ ಒಂದು ಒಳ್ಳೆಯ ಅರ, ಒಂದು ಹೊಸ ಚೈನು, ಕೊಯ್ಯುವವರಿಗೆ ಹೆಲ್ಮೆಟ್ ಮತ್ತು ಕಿವಿರಕ್ಷಕ ತನ್ನಿರಿ. ಮುಂದಿನ ಮಳೆಗಾಲ ಕಳೆದ ಮೇಲೆ ನೋಟುಪುಸ್ತಕ ತೆರೆದು, ದೊಡ್ಡ ಯಂತ್ರ ಬೇಕೇ ಎಂಬುದನ್ನು ಎಲ್ಲರೂ ಕೂಡಿ ತೀರ್ಮಾನಿಸಿರಿ.