ಕಂಬುಜದ ಶಿಲೆಯಲ್ಲಿ ಹನುಮ-ಭೀಮರು: ಮೂಲಮೂರ್ತಿಯೂ ಪ್ರತಿಕೃತಿಯೂ

(ಕಾಂದಿವಲಿ ಶಾಖೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉಡುಪಿ, ಕುಂದಾಪುರ, ಕಾರ್ಕಳ, ಕಾಸರಗೋಡುಗಳಿಂದ ಉದ್ಯೋಗವನ್ನರಸಿ ಬಂದು ಕಾಂದಿವಲಿ, ಬೊರಿವಲಿ, ಮಲಾಡ್‌ಗಳಲ್ಲಿ ನೆಲೆನಿಂತ ಕುಟುಂಬಗಳ ದೇವರ ಕೋಣೆಗಳಲ್ಲಿ ಹಿರಿಯರು ಪೂಜಿಸಿದ ಸಾಲಿಗ್ರಾಮಗಳಿವೆ, ಸವೆದ ಪಂಚಲೋಹದ ಪ್ರತಿಮೆಗಳಿವೆ. ಈಚಿನ ವರ್ಷಗಳಲ್ಲಿ ಇಂತಹ ಮನೆಗಳ ಪಡಸಾಲೆಗಳಿಗೆ ಇನ್ನೊಂದು ಬಗೆಯ ಮೂರ್ತಿಯೂ ಬಂದು ಸೇರುತ್ತಿದೆ. ಕಾಂಬೋಡಿಯಾ ದೇಶಕ್ಕೆ ಪ್ರವಾಸ ಹೋದವರು ಅಲ್ಲಿಂದ ಮರಳುಗಲ್ಲಿನ ಒಂದು ವಿಷ್ಣುವನ್ನೋ ಗಣಪತಿಯನ್ನೋ ಹನುಮಂತನನ್ನೋ ಕೊಂಡು ತರುತ್ತಾರೆ. ಪ್ರಾಚೀನ ಖ್ಮೇರ್ ಶಿಲ್ಪಗಳನ್ನು ಅನುಸರಿಸಿ ಅಲ್ಲಿನ ಶಿಲ್ಪಿಗಳು ಇಂದು ಕೈಯಿಂದಲೇ ಕಡೆದ ಪ್ರತಿಕೃತಿಗಳು ಅವು. ಅವನ್ನು ಕಂಡಾಗ ಮನೆಯ ಹಿರಿಯರು ಸಹಜವಾಗಿಯೇ ಕೇಳುವುದುಂಟು: ‘ಇದು ನಿಜವಾದದ್ದೋ, ನಕಲೋ? ಇದನ್ನು ಎಲ್ಲಿಡಬೇಕು?’ ಪ್ರಶ್ನೆ ಸಣ್ಣದೆಂದು ತೋರಿದರೂ ಅದರ ಹಿಂದೆ ದೊಡ್ಡ ವಿಚಾರವೊಂದು ಅಡಗಿದೆ.

ಕಾಂಬೋಡಿಯಾದ ಪ್ರಾಚೀನ ಹೆಸರು ಕಂಬುಜ. ಕ್ರಿ.ಶ. 6ನೇ ಶತಮಾನದ ಉತ್ತರಾರ್ಧಕ್ಕೆ ಸೇರಿದ ವೀಲ್ ಕಂತೇಲ್ ಎಂಬಲ್ಲಿನ ಸಂಸ್ಕೃತ ಶಾಸನವು, ಅಲ್ಲಿನ ದೇವಾಲಯಕ್ಕೆ ರಾಮಾಯಣ, ಪುರಾಣ ಹಾಗೂ ಸಮಗ್ರ ಭಾರತಗ್ರಂಥಗಳನ್ನು ಒಪ್ಪಿಸಿ, ಅವುಗಳ ನಿತ್ಯಪಾರಾಯಣಕ್ಕೆ ಏರ್ಪಾಡು ಮಾಡಿದ ಸಂಗತಿಯನ್ನು ತಿಳಿಸುತ್ತದೆ. 12ನೇ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮನು ಕಟ್ಟಿಸಿದ ಆಂಗ್ಕೋರ್ ವಾಟ್ ಮೂಲತಃ ಶ್ರೀಮಹಾವಿಷ್ಣುವಿನ ಆಲಯ. ಅಲ್ಲಿನ ಪೂರ್ವದ ಮೊಗಸಾಲೆಯ ಗೋಡೆಯ ಮೇಲೆ ಸಮುದ್ರಮಥನವನ್ನು ಕಡೆದಿದ್ದಾರೆ. ಭಾರತೀಯ ಪುರಾತತ್ತ್ವ ಇಲಾಖೆಯು 1986ರಿಂದ 1993ರವರೆಗೆ ಆ ದೇವಾಲಯದ ಸಂರಕ್ಷಣೆಯ ಕಾರ್ಯವನ್ನು ನಡೆಸಿತು. ಇಂದು ಅದು ಬೌದ್ಧರ ಪುಣ್ಯಸ್ಥಳವಾಗಿದ್ದರೂ ಪಶ್ಚಿಮ ಗೋಪುರದಲ್ಲಿ ನಿಂತ ಅಷ್ಟಭುಜ ವಿಷ್ಣುಮೂರ್ತಿಗೆ ಸ್ಥಳೀಯರು ಹೂವು, ಧೂಪಗಳನ್ನು ಅರ್ಪಿಸುತ್ತಲೇ ಇದ್ದಾರೆ.

ಮಾಧ್ವಪರಂಪರೆಯ ಭಕ್ತರ ಮನಸ್ಸಿಗೆ ಇನ್ನೂ ಹತ್ತಿರವಾದ ಸ್ಥಳವೊಂದು ಆಂಗ್ಕೋರಿನ ಈಶಾನ್ಯಕ್ಕಿದೆ. ಅದು ಕೋಹ್ ಕೇರ್. 10ನೇ ಶತಮಾನದಲ್ಲಿ ನಾಲ್ಕನೆಯ ಜಯವರ್ಮನು ಅದನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದನು. ಅಲ್ಲಿನ ಪ್ರಸಾತ್ ಚೆನ್ ಎಂಬ ವಿಷ್ಣು ದೇವಾಲಯದ ಪಶ್ಚಿಮ ಗೋಪುರದೊಳಗೆ ಭೀಮ-ದುರ್ಯೋಧನರ ಗದಾಯುದ್ಧದ ಪ್ರಸಂಗವಿತ್ತು. ಅದು ಗೋಡೆಯ ಮೇಲಿನ ಚಿತ್ರವಲ್ಲ. ಆಳೆತ್ತರದ ಬಿಡಿಮೂರ್ತಿಗಳು ರಂಗಸ್ಥಳದಲ್ಲಿ ನಿಂತಂತೆ ನಿಂತಿದ್ದವು: ನಡುವೆ ಹೋರಾಡುವ ಇಬ್ಬರು, ಸುತ್ತಲೂ ಬಲರಾಮ ಮೊದಲಾದ ಪ್ರೇಕ್ಷಕರು. ಇದೇ ದೇವಾಲಯದಲ್ಲಿ ಮಂಡಿಯೂರಿದ ಹನುಮಂತನ ಮೂರ್ತಿಯೂ ಇದ್ದಿತು. ಶ್ರೀಮದಾಚಾರ್ಯರನ್ನು ವಾಯುದೇವರ ತೃತೀಯಾವತಾರವೆಂದು ಆರಾಧಿಸುವವರಿಗೆ, ಪ್ರಥಮ ಮತ್ತು ದ್ವಿತೀಯಾವತಾರಗಳೆರಡೂ ಅಷ್ಟು ದೂರದ ಕಾಡಿನ ಒಂದೇ ಆಲಯದಲ್ಲಿ ಶಿಲಾರೂಪದಿಂದ ಇದ್ದುವೆಂಬುದು ರೋಮಾಂಚನವನ್ನುಂಟುಮಾಡುವ ಸಂಗತಿ.

ಆದರೆ 1970ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಕಳ್ಳರು ಆ ಮೂರ್ತಿಗಳನ್ನು ಕಣಕಾಲಿನ ಬಳಿ ಕಡಿದು ಸಾಗಿಸಿದರು. ಪೀಠಗಳೂ ಅವುಗಳ ಮೇಲಿನ ಪಾದಗಳೂ ಮಾತ್ರ ಸ್ಥಳದಲ್ಲಿ ಉಳಿದವು. ಭೀಮನು ಅಮೆರಿಕದ ನಾರ್ಟನ್ ಸೈಮನ್ ಸಂಗ್ರಹಾಲಯವನ್ನೂ, ಹನುಮಂತನು ಕ್ಲೀವ್‌ಲೆಂಡಿನ ಸಂಗ್ರಹಾಲಯವನ್ನೂ ಸೇರಿದರು. ದುರ್ಯೋಧನನ ಮೂರ್ತಿಯು 2011ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ, ಕಾಡಿನಲ್ಲುಳಿದ ಪಾದಗಳೇ ಸಾಕ್ಷಿಯಾದವು. ಮುರಿದ ಪಾದಕ್ಕೂ ಮುರಿದ ದೇಹಕ್ಕೂ ಹೊಂದಿಕೆಯಿದ್ದುದು ತಿಳಿದುಬಂದು ಹರಾಜು ನಿಂತಿತು. ಪಾಂಡವ ಸಹೋದರರದೆಂದು ಗುರುತಿಸಲಾದ ಎರಡು ಮೂರ್ತಿಗಳು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಿಂದ 2013ರಲ್ಲಿ ಮರಳಿದವು. ಭೀಮ, ದುರ್ಯೋಧನ, ಬಲರಾಮರು 2014ರಲ್ಲಿಯೂ ಹನುಮಂತನು 2015ರಲ್ಲಿಯೂ ಸ್ವದೇಶಕ್ಕೆ ಬಂದರು. ಮರಳಿ ಬಂದ ಮೂರ್ತಿಗಳಿಗೆ ಆಶ್ರಯವಾದದ್ದು ಕಾಡಿನ ಆಲಯವಲ್ಲ, ರಾಜಧಾನಿ ನೋಮ್ ಪೆನ್ನಿನ ರಾಷ್ಟ್ರೀಯ ಸಂಗ್ರಹಾಲಯ.

ಪ್ರತಿಕೃತಿಯ ಅಗತ್ಯವು ತಲೆದೋರುವುದು ಇಲ್ಲಿಯೇ. ಮೂಲವನ್ನು ಬಯಲಿನಲ್ಲಿಟ್ಟರೆ ಕಳ್ಳರ ಪಾಲು. ಒಳಗಿಟ್ಟರೆ ಆಲಯ ಬರಿದು. 967ರಲ್ಲಿ ಪ್ರತಿಷ್ಠಿತವಾದ ಬಂತೇ ಸ್ರೈ ದೇವಾಲಯದಲ್ಲಿ ಮಂಟಪದ ಮುಂದೆ ಕುಳಿತ ಕಾವಲುಮೂರ್ತಿಗಳ ಮೂಲವನ್ನು ಸಂಗ್ರಹಾಲಯಕ್ಕೆ ಒಯ್ದು, ಅವುಗಳ ಜಾಗದಲ್ಲಿ ಸಿಮೆಂಟಿನ ಪ್ರತಿರೂಪಗಳನ್ನಿಟ್ಟರು. ಕಳ್ಳರು ಆ ಪ್ರತಿರೂಪಗಳನ್ನೂ ಬಿಡದೆ ಘಾಸಿಗೊಳಿಸಿದರು. ಆಂಗ್ಕೋರ್ ಥಾಮ್ ನಗರದ ದಕ್ಷಿಣದ್ವಾರದಲ್ಲಿ ದಾರಿಯ ಒಂದು ಕಡೆ 54 ದೇವತೆಗಳು, ಇನ್ನೊಂದು ಕಡೆ 54 ಅಸುರರು ನಾಗನನ್ನು ಹಿಡಿದಿದ್ದಾರೆ. ಅವರಲ್ಲಿ ಹಲವರ ಶಿರಗಳು ಇಂದು ಪ್ರತಿಕೃತಿಗಳೇ ಆಗಿವೆ.

ಸಿಮೆಂಟಿನ ಅಚ್ಚು ರೂಪವನ್ನು ಉಳಿಸೀತು; ವಿದ್ಯೆಯನ್ನು ಉಳಿಸಲಾರದು. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ದೇಶದ ಅಸಂಖ್ಯ ಕುಶಲಕರ್ಮಿಗಳು ಪ್ರಾಣ ಕಳೆದುಕೊಂಡರು. ಗುರುಶಿಷ್ಯ ಪರಂಪರೆ ತುಂಡಾಯಿತು. 1992ರಲ್ಲಿ ಸಿಯೆಮ್ ರೀಪ್ ಪಟ್ಟಣದಲ್ಲಿ ಗ್ರಾಮೀಣ ತರುಣರಿಗಾಗಿ ಕುಶಲಕಲೆಗಳ ತರಬೇತಿ ಶಾಲೆಯೊಂದು ಪ್ರಾರಂಭವಾಯಿತು. ಅದರಿಂದಲೇ ಮುಂದೆ ‘ಆರ್ಟಿಸಾನ್ಸ್ ಆಂಗ್ಕೋರ್’ ಎಂಬ ಸಂಸ್ಥೆ ಬೆಳೆಯಿತು. ಮರಳುಗಲ್ಲಿನ ಗಟ್ಟಿಯ ಮೇಲೆ ರೇಖೆಗಳನ್ನೆಳೆದು, ಮೊನೆಯುಳಿಯಿಂದ ಒರಟು ಆಕಾರ ಬಿಡಿಸಿ, ಮತ್ತೆ ಮತ್ತೆ ಅಳತೆ ನೋಡಿ, ಚಪ್ಪಟೆಯುಳಿಯಿಂದ ನಯಗೊಳಿಸಿ, ಕೊನೆಗೆ ಉಜ್ಜಿ ಮೆರುಗು ಕೊಡುವುದು ಅಲ್ಲಿನ ಕ್ರಮ. ಇಡೀ ಮೈಭಾರವನ್ನು ಹೊರುವ ಕಣಕಾಲುಗಳನ್ನು ಪ್ರಾಚೀನರು ಏಕೆ ಅಷ್ಟು ದಪ್ಪವಾಗಿ ಬಿಟ್ಟರೆಂಬುದು ನೋಡುವವರಿಗಿಂತ ಕಡೆಯುವವರಿಗೆ ಬೇಗ ತಿಳಿಯುತ್ತದೆ. ಹೀಗೆ ಪ್ರತಿಕೃತಿಯನ್ನು ಕಡೆಯುವವನು ಸಾವಿರ ವರ್ಷಗಳ ಹಿಂದಿನ ಗುರುವಿನ ಬಳಿ ಪಾಠ ಹೇಳಿಸಿಕೊಳ್ಳುತ್ತಾನೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಪ್ರತಿಕೃತಿ ಸುಳ್ಳೇ? ಮಧ್ವಸಿದ್ಧಾಂತದಲ್ಲಿ ಬಿಂಬ-ಪ್ರತಿಬಿಂಬಗಳ ವಿಚಾರವು ಎಲ್ಲರಿಗೂ ಪರಿಚಿತ. ಪ್ರತಿಬಿಂಬವು ಬಿಂಬಕ್ಕಿಂತ ಭಿನ್ನ, ಬಿಂಬಕ್ಕೆ ಸದೃಶ, ಬಿಂಬಕ್ಕೆ ಅಧೀನ. ಜೀವ-ಪರಮಾತ್ಮರ ಸಂಬಂಧವನ್ನು ತಿಳಿಸುವ ಆ ತತ್ತ್ವವನ್ನು ಕಲ್ಲಿನ ವಿಷಯಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಲೋಕದೃಷ್ಟಾಂತವಾಗಿ ಅದು ದಾರಿ ತೋರುತ್ತದೆ. ತಾನು ಮೂಲಕ್ಕಿಂತ ಬೇರೆ ಎಂದು ಒಪ್ಪಿಕೊಳ್ಳುವ, ಮೂಲವನ್ನು ಹೋಲುವ, ಮೂಲದಿಂದಲೇ ತನ್ನ ಬೆಲೆಯನ್ನು ಪಡೆಯುವ ಪ್ರತಿಕೃತಿಯಲ್ಲಿ ಅಸತ್ಯವಿಲ್ಲ. ಭೇದವನ್ನು ಮರೆಮಾಚಿ ‘ನಾನೇ ಮೂಲ’ವೆಂದು ಹೇಳಿಸಿಕೊಂಡಾಗ ಮಾತ್ರ ಅದು ವಂಚನೆ. ಹೊಸ ಕಲ್ಲಿಗೆ ಆಮ್ಲ ಸವರಿ, ಮಣ್ಣಿನಲ್ಲಿ ಹೂತು, ಪುರಾತನವೆಂದು ಮಾರುವುದು ಅಂತಹ ವಂಚನೆ.

ಭಗ್ನವಾದುದಕ್ಕೆಲ್ಲ ಒಂದೇ ಪರಿಹಾರವೂ ಇಲ್ಲ. ಕಾಂದಿವಲಿಗೆ ದೂರವಲ್ಲದ, ಬೊರಿವಲಿ-ದಹಿಸರ್‌ಗಳ ನಡುವಣ ಮಂಡಪೇಶ್ವರ ಗುಹೆಯಲ್ಲಿ ನೃತ್ಯಶಿವನ ಶಿಲ್ಪ ಭಗ್ನವಾಗಿಯೇ ಇದೆ. ಆ ಭಗ್ನತೆಯೇ ಅದರ ಇತಿಹಾಸ. ಆನೆಗೊಂದಿಯ ನವವೃಂದಾವನದಲ್ಲಿ 2019ರ ಜುಲೈ ತಿಂಗಳಲ್ಲಿ ನಿಧಿಯಾಸೆಯ ದುಷ್ಕರ್ಮಿಗಳು ಶ್ರೀವ್ಯಾಸರಾಜ ಗುರುಸಾರ್ವಭೌಮರ ವೃಂದಾವನವನ್ನು ಕೆಡವಿದಾಗ ಮಠಾಧೀಶರೂ ಭಕ್ತರೂ ಧಾವಿಸಿ, ಕೆಲವೇ ದಿನಗಳಲ್ಲಿ ಅದನ್ನು ಪುನರ್ನಿರ್ಮಿಸಿದರು. ಅಲ್ಲಿ ನಿತ್ಯಾರಾಧನೆ ಜೀವಂತವಾಗಿತ್ತು, ಕಾಯುವುದಕ್ಕೆ ಅವಕಾಶವಿರಲಿಲ್ಲ. ಕಲ್ಲು ಮುರಿದರೂ ಗುರುಗಳ ಸನ್ನಿಧಾನ ಮುರಿಯಲಿಲ್ಲವೆಂಬ ದೃಢವಿಶ್ವಾಸದಿಂದಲೇ ಆ ಕಾರ್ಯ ನಡೆಯಿತು. ಶಿಲೆಯು ಅಧಿಷ್ಠಾನ ಮಾತ್ರ. ಪೂಜೆ ಸಲ್ಲುವುದು ಅದರಲ್ಲಿ ಸನ್ನಿಹಿತನಾದ ಭಗವಂತನಿಗೆ. ಕೋಹ್ ಕೇರಿನಲ್ಲಾದರೋ ಪೂಜೆ ನಿಂತು ಎಷ್ಟೋ ಕಾಲ ಸಂದಿದೆ. ಅಲ್ಲಿ ಮೂಲವನ್ನು ಭದ್ರವಾಗಿ ಕಾಪಾಡುವುದೇ ಮೊದಲ ಕರ್ತವ್ಯ.

ಗೃಹಸ್ಥರು ತಿಳಿದಿರಬೇಕಾದ ಮಾತುಗಳು ಕೆಲವಿವೆ. ಪರದೇಶದಲ್ಲಿ ಶಿಲ್ಪ ಕೊಳ್ಳುವಾಗ ಅದು ಹೊಸದಾಗಿ ಕಡೆದದ್ದೆಂದು ಸ್ಪಷ್ಟವಾಗಿ ಬರೆದ ರಸೀದಿಯನ್ನು ಕೇಳಿ ಪಡೆಯಬೇಕು. ‘ಇದು ಹಳೆಯದು, ಗುಟ್ಟಾಗಿ ಕೊಡುತ್ತೇವೆ’ ಎಂದವರಿಂದ ದೂರವಿರಬೇಕು. ಪ್ರಾಚೀನ ವಸ್ತುಗಳನ್ನು ಅನುಮತಿಯಿಲ್ಲದೆ ಹೊರಗೊಯ್ಯುವುದನ್ನು ಕಾಂಬೋಡಿಯಾದ 1996ರ ಕಾನೂನು ನಿಷೇಧಿಸಿದೆ; ಭಾರತದಲ್ಲಿಯೂ ನೂರು ವರ್ಷಕ್ಕೆ ಮೀರಿದ ಶಿಲ್ಪಗಳಿಗೆ 1972ರ ಪುರಾತನ ವಸ್ತು ಕಾಯಿದೆ ಅನ್ವಯಿಸುತ್ತದೆ. ಮನೆಗೆ ತಂದ ಪ್ರತಿಕೃತಿಗೆ ಪ್ರತಿಷ್ಠಾವಿಧಿ ಆಗಿಲ್ಲವಾದ್ದರಿಂದ ಅದು ಕಲಾಕೃತಿ. ಅದರ ಸ್ಥಾನ ಪಡಸಾಲೆ. ಆದರೂ ಅದು ಭಗವದ್ರೂಪವನ್ನೋ ಭಾಗವತರ ರೂಪವನ್ನೋ ನೆನಪಿಗೆ ತರುವ ಆಕಾರವಾದುದರಿಂದ ಕಾಲು ತಾಗದ ಎತ್ತರದಲ್ಲಿ, ಶುಚಿಯಾದ ಜಾಗದಲ್ಲಿಡುವುದು ಮರ್ಯಾದೆ.

ಕಳವಾದ ಮೂರ್ತಿಯನ್ನು ಕೊಳ್ಳುವವರಿರುವವರೆಗೆ ಕಡಿಯುವವರೂ ಇರುತ್ತಾರೆ. ಪ್ರಾಮಾಣಿಕವಾದ ಪ್ರತಿಕೃತಿಯನ್ನು ಕೊಂಡ ಕುಟುಂಬವು ಒಬ್ಬ ಶಿಲ್ಪಿಯ ಮನೆಯ ಒಲೆ ಉರಿಯುವಂತೆ ಮಾಡುತ್ತದೆ, ಕಳ್ಳನ ಕೈಗೆ ಹೋಗಬಹುದಾಗಿದ್ದ ಹಣವನ್ನು ತಡೆಯುತ್ತದೆ. ಮಕ್ಕಳು ಆ ಮೂರ್ತಿಯನ್ನು ಕಂಡು ‘ಇವನಾರು?’ ಎಂದು ಕೇಳಿದರೆ, ಭೀಮಸೇನನ ಕಥೆಯೊಡನೆ ಅವನು ಊರು ಬಿಟ್ಟು ಊರಿಗೆ ಮರಳಿದ ಕಥೆಯನ್ನೂ ಹೇಳಬೇಕು. ‘ಇದು ಅವನ ಪ್ರತಿರೂಪ, ಮೂಲ ಅವನ ದೇಶದಲ್ಲಿದೆ’ ಎಂಬ ಸತ್ಯವನ್ನೂ ಮರೆಯದೆ ಹೇಳಬೇಕು.

ಶ್ರೀಕೃಷ್ಣಾರ್ಪಣಮಸ್ತು.